ಹಲಗೆಯ ತುದಿಯಲ್ಲಿ ನಿಂತವಳು

“ಕೂಗಬೇಡಿ! ಕೈ ಎತ್ತಿದವರು ಮಾತ್ರ ಹೇಳಬೇಕು,” ಎಂದರು ಧರ್ಮಲಿಂಗಂ ಮೇಷ್ಟರು.

ಅವರ ಕೈಯಲ್ಲಿ ಇಂಗ್ಲಿಷ್ ಪೇಪರಿನಿಂದ ಕತ್ತರಿಸಿದ ಒಂದು ಫೋಟೋ ಇತ್ತು. ಅದರ ಕೆಳಗಿನ ಅರ್ಧಕ್ಕೆ ಬೇಕೆಂದೇ ಸ್ಲೇಟು ಅಡ್ಡ ಹಿಡಿದಿದ್ದರು. ಮೇಲಿನ ಅರ್ಧದಲ್ಲಿ ಎತ್ತರದ ಅಟ್ಟಣೆ, ಅದರಿಂದ ಮುಂದಕ್ಕೆ ಚಾಚಿದ ಹಲಗೆ. ಹಲಗೆಯ ತುದಿಯಲ್ಲಿ ಒಬ್ಬ ಹೆಂಗಸು ಕೈ ಮುಂದೆ ಮಾಡಿ, ತಲೆ ಬಗ್ಗಿಸಿ ನಿಂತಿದ್ದಳು.

“ಇವಳು ಏನು ಮಾಡ್ತಿದಾಳೆ?”

ಮಾಚಿಯ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ಇದೂ ಒಂದು ಪ್ರಶ್ನೆಯೇ! ನೀಲಗಿರಿಯ ಬಡಗರ ಹಟ್ಟಿಯಲ್ಲಿ ಹುಟ್ಟಿದ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಹಿರಿಯರು ಎದುರಾದರೆ ತಲೆ ಬಗ್ಗಿಸಿ ನಿಲ್ಲಬೇಕು. ಅವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಬೇರೆ ಮಾತೆಲ್ಲ ಆಮೇಲೆ.

“ಅವರ ಹೆತ್ತಪ್ಪನ ಮುಂದೆ ತಲೆ ಬಗ್ಗಿಸಿದಾಳೆ ಸಾರ್! ಹೆತ್ತಪ್ಪ ಫೋಟೋದಲ್ಲಿ ಬಿದ್ದಿಲ್ಲ, ಅಷ್ಟೇ.”

ಹೆತ್ತಪ್ಪ ಅಂದರೆ ಬಡಗರ ಮಾತಿನಲ್ಲಿ ತಾತ. ಮೇಷ್ಟರು ನಗು ತಡೆದುಕೊಂಡು ಸ್ಲೇಟು ತೆಗೆದರು. ಕೆಳಗೆ, ತುಂಬಾ ಕೆಳಗೆ, ಬರೀ ನೀರು!

“ಇದು ಒಲಿಂಪಿಕ್ಸ್. ಎಷ್ಟೋ ದೇಶದವರು ಸೇರಿ ಆಡೋ ಆಟ. ಇದು ಹೆಂಗಸರ ಡೈವಿಂಗ್. ಅಷ್ಟೆತ್ತರದಿಂದ ನೀರಿಗೆ ಧುಮುಕ್ತಾರೆ.”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪಕ್ಕದಲ್ಲೇ ಕೂತಿದ್ದ ಕಮಲಂ, ಕೋತಗಿರಿ ಪೇಟೆಯ ಬಟ್ಟೆ ಅಂಗಡಿಯವರ ಮಗಳು. “ಅಯ್ಯಯ್ಯೋ! ಇವಳ ತಾತ ಗಾಳೀಲಿ ನಿಂತಿದ್ರಂತೆ ಕಣ್ರೇ!”

ಸಂಜೆ ಸ್ಕೂಲ್ ಗೇಟಿನ ಹತ್ತಿರ ಮಾಚಿಯ ಹೆತ್ತಪ್ಪ ಕಾಯುತ್ತಿದ್ದರು. ಅದು ಆಲೂಗೆಡ್ಡೆಯ ಕಾಲ. ದಿನಾ ಪೇಟೆಗೆ ಗೆಡ್ಡೆ ಹಾಕಿ, ಖಾಲಿ ಗೋಣಿಚೀಲ ಹೆಗಲಿಗೇರಿಸಿ, ಮೊಮ್ಮಗಳನ್ನು ಕರೆದುಕೊಂಡು ಹಟ್ಟಿಗೆ ಹೋಗುತ್ತಿದ್ದರು. ಅವಳನ್ನು ಕಂಡದ್ದೇ ಹರಸಲು ಕೈ ಎತ್ತಿದರು.

“ನೋಡ್ರೇ, ನೋಡ್ರೇ! ಈಗ ಡೈವ್ ಹೊಡೀತಾಳೆ!” ಹಿಂದಿನಿಂದ ಕಮಲಂ ಕೂಗಿದಳು.

ಮಾಚಿಯ ಕಿವಿ ಕಾದು ಕೆಂಪಾಯಿತು. ಅವಳು ತಲೆ ಬಗ್ಗಿಸಲಿಲ್ಲ. ನೆಟ್ಟಗೆ ಓಡಿಯೇಬಿಟ್ಟಳು. ತಿರುವಿನಲ್ಲಿ ತಿರುಗಿ ನೋಡಿದರೆ ಹೆತ್ತಪ್ಪನ ಕೈ ಇನ್ನೂ ಮೇಲೆಯೇ ಇತ್ತು. ಆಮೇಲೆ, ಕೈ ಎತ್ತಿದ್ದೇ ಅದಕ್ಕೆ ಅನ್ನುವ ಹಾಗೆ, ಅವರು ರುಮಾಲು ಸರಿಮಾಡಿಕೊಂಡರು.

ತಿರುವಿನಲ್ಲಿ ಅವಳನ್ನು ಕೂಡಿಕೊಂಡ ಅವರು ದಾರಿಯುದ್ದಕ್ಕೂ ಗೆಡ್ಡೆಯ ರೇಟಿನ ಮಾತನ್ನೇ ಆಡಿದರು. ಆ ವಿಷಯ ಮನೆಯಲ್ಲೂ ಯಾರಿಗೂ ಹೇಳಲಿಲ್ಲ. ಎರಡು ಬೈದುಬಿಟ್ಟಿದ್ದರೆ ಎಷ್ಟೋ ವಾಸಿ ಅನ್ನಿಸಿತು ಮಾಚಿಗೆ.

ಮರುದಿನ ಫೋಟೋ ಕ್ಲಾಸಿನ ಗೋಡೆಯ ಮೇಲಿತ್ತು. ಎಲ್ಲರೂ ಆಟಕ್ಕೆ ಹೋದ ಮೇಲೆ ಮಾಚಿ ಅದರ ಮುಂದೆ ನಿಂತು ಮೇಷ್ಟರನ್ನು ಕೇಳಿದಳು.

“ಸಾರ್, ಇವಳು ತಲೆ ಯಾಕೆ ಬಗ್ಗಿಸ್ಬೇಕು?”

“ತಲೆ ಎತ್ಕೊಂಡು ಬಿದ್ರೆ ನೀರು ಮುಖಕ್ಕೆ ರಪ್ ಅಂತ ಹೊಡೆಯುತ್ತೆ.”

“ಭಯ ಆಗಲ್ವಾ?”

“ಆಗದೆ ಏನು? ಸುತ್ತ ಅಷ್ಟು ಜನ ನೋಡ್ತಿರ್ತಾರೆ. ತುದಿಗೆ ಬಂದ ಮೇಲೆ ವಾಪಸ್ ಓಡೋಕಾಗುತ್ತಾ?”

‘ನಾನು ಓಡಿದೆನಲ್ಲ’ ಎಂದುಕೊಂಡಳು ಮಾಚಿ.

ಆ ಸಂಜೆ ಗೇಟಿನ ಹತ್ತಿರ ಹೆತ್ತಪ್ಪ ಇರಲಿಲ್ಲ. ಆಚೆ ಈಚೆ ನೋಡಿದಳು. ರಸ್ತೆಯ ಆಚೆ, ದಪ್ಪ ಕರ್ಪೂರ ಮರದ ಹಿಂದೆ ಬಿಳಿ ಬಟ್ಟೆಯ ಅಂಚು ಕಂಡಿತು. ಹೆತ್ತಪ್ಪ ಅಲ್ಲಿ ಮೈ ಮುದುಡಿ ನಿಂತು, ‘ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ’ ಎಂದು ಕೈಸನ್ನೆ ಮಾಡುತ್ತಿದ್ದರು.

ಗೇಟಿನಲ್ಲಿ ಕಮಲಂ ಮತ್ತವಳ ಗುಂಪು ನಿಂತಿತ್ತು. ಅವರಿಗೆ ಕಾಣಬಾರದೆಂದು ಹೆತ್ತಪ್ಪ ಮರದ ಹಿಂದೆ ಹೋಗಿದ್ದರು! ಹಟ್ಟಿಗೆ ಹಟ್ಟಿಯೇ ಎದ್ದು ನಿಂತು ಗೌರವ ಕೊಡುವ ಹೆತ್ತಪ್ಪ!

ಅವಳು ರಸ್ತೆ ದಾಟಿದಳು. ಹೆತ್ತಪ್ಪನ ಕೈ ಹಿಡಿದು ಮರದ ಮುಂದಕ್ಕೆ ಎಳೆದಳು.

“ಬೇಡ ಕೂಸೇ, ಅವರೆಲ್ಲ ನೋಡ್ತಾವ್ರೆ,” ಎಂದರು ಹೆತ್ತಪ್ಪ ಮೆಲ್ಲಗೆ.

“ನೋಡ್ಲಿ ಬುಡಿ.”

ಮಾಚಿ ತಲೆ ಬಗ್ಗಿಸಿದಳು. ಹಿಂದೆ ಯಾರೋ ಕಿಸಕ್ಕೆಂದರು. ಕಣ್ಣಿಗೆ ಕಾಣುತ್ತಿದ್ದದ್ದು ಹೆತ್ತಪ್ಪನ ಮಣ್ಣು ಮೆತ್ತಿದ ಪಾದ ಮಾತ್ರ. ಕೈ ತಕ್ಷಣ ಬರಲಿಲ್ಲ. ಎದೆ ಡವಡವ ಹೊಡೆದುಕೊಂಡಿತು. ಆ ಹಲಗೆಯ ತುದಿಯಲ್ಲಿ ನಿಂತವಳಿಗೂ ಹೀಗೇ ಆಗಿರಬೇಕು. ಮಾಚಿ ತಲೆಯನ್ನು ಇನ್ನಷ್ಟು ಬಗ್ಗಿಸಿದಳು.

ಆಗ ನೆತ್ತಿಯ ಮೇಲೆ ಕೈ ಬಂದು ಕೂತಿತು.

“ಒಳ್ಳಿತಾಗಲಿ. ಬದುಕಿ ಬಾಳು, ನನ್ನ ಕೂಸೇ.”

ಮಾಚಿ ಬೇಗ ತಲೆ ಎತ್ತಲಿಲ್ಲ.