ಬಗ್ಗಬೇಡಿ!

"ರೀ, ಬಗ್ಗಬೇಡಿ! ಮೊದ್ಲು ಆ ಕಲ್ಲು ಕೆಳಗೆ ಹಾಕ್ರೀ!"

ಮಂಗಳಗೌರಿಯ ಕೂಗಿಗೆ ಬಟವಾಡಿ ಬಡಾವಣೆಯ ಆ ಅಡ್ಡರಸ್ತೆಯೇ ತಿರುಗಿ ನೋಡಿತು. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸರು, ಗೇಟಿಗೆ ಆತು ನಿಂತಿದ್ದ ಪಕ್ಕದ ಮನೆಯ ಚೌಡಪ್ಪ, ಬೈಕುಗಳ ಮೇಲೆ ಕೂತು ಹರಟುತ್ತಿದ್ದ ಹುಡುಗರು... ಎಲ್ಲರೂ!

ಅವಳ ಕಾಲ ಹಿಂದೆ ಕಂದು ಬಣ್ಣದ ನಾಯಿಯೊಂದು ಬಾಲವನ್ನು ಹೊಟ್ಟೆಗೆ ಅಂಟಿಸಿಕೊಂಡು, ಉಸಿರು ಕಟ್ಟುವ ಹಾಗೆ ಬೊಗಳುತ್ತಿತ್ತು. ಅದು ಸಿಟ್ಟಿನ ಬೊಗಳಿಕೆಯಲ್ಲ, ಹೆದರಿಕೆಯದು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಎದುರಿಗಿದ್ದ ಅಪರಿಚಿತ ನಿಧಾನವಾಗಿ ನೆಟ್ಟಗಾದ. ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಒಂದು ಬೀಗದ ಕೈ.

ಅವಳ ಮನೆಯದೇ!

"ನಿಮ್ಮ ಬ್ಯಾಗಿಂದ ಬಿತ್ತು ಮೇಡಂ. ಎತ್ಕೊಡೋಣ ಅಂತ..."

ಮಂಗಳಗೌರಿಯ ಮುಖಕ್ಕೆ ರಕ್ತ ನುಗ್ಗಿತು. ಕ್ಷಮೆ ಕೇಳಬೇಕಿತ್ತು. ಆದರೆ ಇಷ್ಟು ಕಣ್ಣುಗಳ ಎದುರು ನಾಲಿಗೆ ಮಾತು ಕೇಳಲಿಲ್ಲ.

"ಬಿತ್ತು ಅಂತ ಕೂಗಿ ಹೇಳ್ಬಹುದಿತ್ತಲ್ಲ! ಬಗ್ಗಿದ್ಯಾಕೆ?"

"ಬಗ್ಗದೆ ಎತ್ತೋದು ಹೆಂಗೆ ಅಂತ ನಮ್ ಕುಣಿಗಲಲ್ಲಿ ಯಾರೂ ಹೇಳ್ಕೊಟ್ಟಿಲ್ಲ ಮೇಡಂ."

ಬೈಕಿನ ಹುಡುಗರು ಗೊಳ್ಳೆಂದು ನಕ್ಕರು. ಅವನು ಮಾತ್ರ ನಗಲಿಲ್ಲ. ನಡುಗುತ್ತಿದ್ದ ನಾಯಿಯ ಬೆನ್ನನ್ನೇ ನೋಡುತ್ತಿದ್ದ.

ಎರಡು ವರ್ಷದ ಹಿಂದೆ ಶಿರಾ ಗೇಟ್ ಹತ್ತಿರ, ಲಾರಿಯೊಂದರ ಅಡಿಯಲ್ಲಿ ಅವಳಿಗೆ ಸಿಕ್ಕ ನಾಯಿ ಅದು. ಕಿವಿ ಹರಿದಿತ್ತು, ಹಿಂಗಾಲಿನಲ್ಲಿ ಕಲ್ಲೇಟಿನ ಗಾಯ ಕೀವುಗಟ್ಟಿತ್ತು. ಬಿಸಿ ರಾಗಿಮುದ್ದೆಯ ಬಣ್ಣ, ಅದರ ಹಾಗೇ ಗುಂಡಗೆ ಮುದುಡಿಕೊಂಡು ಮಲಗುವ ಅಭ್ಯಾಸ. ಮುದ್ದೆ ಎಂದೇ ಹೆಸರಿಟ್ಟಳು.

ನಮ್ಮ ಕಡೆ ನಾಯಿ ಎದುರಾದರೆ ಜನ ಬಗ್ಗುತ್ತಾರೆ. ಕಲ್ಲು ಕೈಗೆ ಸಿಗಲೇಬೇಕೆಂದಿಲ್ಲ, ಬಗ್ಗಿದರೆ ಸಾಕು, ನಾಯಿ ಓಡುತ್ತದೆ. ಮುದ್ದೆಯ ಪಾಲಿಗೆ ಪ್ರತಿ ಏಟೂ ಹಾಗೇ ಬಂದಿತ್ತು. ಮೊದಲು ಮನುಷ್ಯ ಬಗ್ಗುತ್ತಾನೆ, ಆಮೇಲೆ ನೋವು.

ಹಾಗಾಗಿ ಮಂಗಳಗೌರಿ ಕಸವನ್ನು ಕೂತೇ ಗುಡಿಸುತ್ತಿದ್ದಳು. ರಂಗೋಲಿಯನ್ನೂ ಬಾಗಿಲ ಮುಂದೆ ಕೂತೇ ಬಿಡುತ್ತಿದ್ದಳು. ಬೀದಿಯ ಹೆಂಗಸರಿಗೆ ಅದೊಂದು ತಮಾಷೆ.

"ಈ ವಯಸ್ಸಿಗೇ ಸೊಂಟ ಹೋಯ್ತೇನೆ ಗೌರಿ?"

ಮೂವತ್ತೊಂದು ದಾಟಿದ, ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡುವ, ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ ಹೆಣ್ಣು ಎಂದರೆ ಯಾರು ಏನು ಬೇಕಾದರೂ ಹೇಳಬಹುದಲ್ಲ!

ಚೌಡಪ್ಪನಂತೂ ಗೇಟಿನಲ್ಲೇ ಕಾಯುತ್ತಿದ್ದ. "ನಾಯಿ ಸಾಕೋ ಬದ್ಲು ಒಂದು ಗಂಡ ನೋಡ್ಕೊಳಮ್ಮ."

"ಗಂಡ ಸಿಗ್ತಾನೆ ಸರ್. ಇಷ್ಟು ನಿಯತ್ತಿರೋನು ಸಿಗ್ಬೇಕಲ್ಲ!"

ಆದರೆ ಆ ಸಂಜೆ ಅವಳು ಕೂಗಿದ್ದೇ ತಪ್ಪಾಯಿತು. ಮುದ್ದೆಯ ಗುಟ್ಟು ಬೀದಿಗೆ ಗೊತ್ತಾಗಿಹೋಯಿತು. ಮಾರನೆಯ ದಿನದಿಂದಲೇ ಬೈಕಿನ ಹುಡುಗರಿಗೆ ಹೊಸ ಆಟ. ಅವಳು ನಾಯಿಯ ಜೊತೆ ಹೊರಟರೆ ಸಾಕು...

"ಬಗ್ರೋ, ಬಗ್ರೋ!"

ಅವರು ಬಗ್ಗುತ್ತಿದ್ದರು. ಮುದ್ದೆ ಹುಚ್ಚು ಹಿಡಿದಂತೆ ಬೊಗಳುತ್ತಿತ್ತು. "ಕಚ್ಚೋ ನಾಯಿ, ಕಚ್ಚೋ ನಾಯಿ" ಎಂದು ಚೌಡಪ್ಪ ಊರಿಗೆಲ್ಲ ಸಾರುತ್ತಿದ್ದ. ಮಂಗಳಗೌರಿ ಹಗ್ಗ ಬಿಗಿಹಿಡಿದು, ಹಲ್ಲು ಕಚ್ಚಿಕೊಂಡು, ಮನೆಗೆ ಓಡುತ್ತಿದ್ದಳು.

ಕೈ ಕಟ್ಟಿ ನಿಲ್ಲದವನು ಒಬ್ಬನೇ. ಬೀಗದ ಕೈ ಎತ್ತಿಕೊಟ್ಟವನು! ಹೆಸರು ಗಂಗರಾಜು. ಮೇನ್ ರೋಡಿನ ತಿರುವಿನಲ್ಲಿ ಹೊಸದಾಗಿ ಕನ್ನಡಕದ ಅಂಗಡಿ ಇಟ್ಟಿದ್ದ. ಹುಡುಗರು ಬಗ್ಗಿದಾಗಲೆಲ್ಲ ಬಂದು ನಡುವೆ ಅಡ್ಡ ನಿಲ್ಲುತ್ತಿದ್ದ, ಲೈಟು ಕಂಬದ ಹಾಗೆ. ನಾಯಿಯ ಕಡೆ ನೋಡದೆ, ನಿಂತಲ್ಲಿಂದಲೇ ಒಂದು ಬಿಸ್ಕತ್ತು ಬೀಳಿಸಿ, ಆಕಾಶ ನೋಡುತ್ತಿದ್ದ.

"ಮೇಲೆ ಏನು ನೋಡ್ತೀರಾ?"

"ನಿಮ್ಮನ್ನ ನೋಡಿದ್ರೆ ನೀವು ಬೈತೀರಾ, ಅದನ್ನ ನೋಡಿದ್ರೆ ಅದು ಬೈಯುತ್ತೆ. ಇನ್ನೆಲ್ಲಿ ನೋಡ್ಲಿ ಮೇಡಂ?"

ಆ ದಿನ ಮಂಗಳಗೌರಿ ಮನೆಗೆ ಬಂದು ಕನ್ನಡಿಯ ಮುಂದೆ ಒಬ್ಬಳೇ ನಕ್ಕಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು!

ಮಳೆಗಾಲ ಕಳೆಯಿತು. ಒಂದು ಸಂಜೆ ಅವನೇ ಕೇಳಿದ. "ಗುಬ್ಬಿಯಿಂದ ನಿಮ್ಮಮ್ಮ ಬಂದಾಗ ಮಾತಾಡ್ಲಾ?"

ಅವಳು ತಲೆ ಎತ್ತಲಿಲ್ಲ. "ಮಾತಾಡಿ" ಎಂದಳು.

ಅಮ್ಮ ಗಿರಿಯಮ್ಮ ಬಂದ ಭಾನುವಾರ ಮನೆಯಲ್ಲಿ ಗಾಳಿ ಸರಿಯಿರಲಿಲ್ಲ. ಹಿಂದಿನ ದಿನವಷ್ಟೇ ಮನೆಯೊಡತಿ ಮಹಾಲಕ್ಷ್ಮಮ್ಮ ಬಂದು ಖಡಾಖಂಡಿತವಾಗಿ ಹೇಳಿಹೋಗಿದ್ದರು. "ಬೀದಿಯವರ ಮಾತು ಕೇಳಿ ಕೇಳಿ ಸಾಕಾಗಿದೆ ಕಣಮ್ಮ. ನಾಯಿ ಕಳಿಸು, ಇಲ್ಲಾಂದ್ರೆ ಮನೆ ಖಾಲಿ ಮಾಡು."

ಗಿರಿಯಮ್ಮನದೂ ಅದೇ ಮಾತು. "ಬುಟ್ಬುಡೆ ಆ ನಾಯಿನ! ಬಂದ ಗಂಡುಗಳೆಲ್ಲ ಅದರ ಬೊಗಳಾಟಕ್ಕೇ ಓಡೋಗವ್ರೆ."

ಅಷ್ಟರಲ್ಲಿ ಗಂಗರಾಜು ಬಂದ. ಕೈಯಲ್ಲಿ ಹೂವು, ಹಣ್ಣಿನ ಕವರು. ಕಾಲಲ್ಲಿ ಮಿರುಗುವ ಲೇಸಿನ ಬೂಟು.

ಗಿರಿಯಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಂತರು. ಹುಡುಗ ಕಾಲಿಗೆ ನಮಸ್ಕಾರ ಮಾಡುತ್ತಾನೆಂದು ಪಾದಗಳನ್ನು ಜೋಡಿಸಿದರು.

ಅವನು ಬಾಗಲು ಹೋದ... ಅರ್ಧಕ್ಕೇ ತಡೆದ. ನೆಟ್ಟಗೆ ನಿಂತು ಕೈ ಮುಗಿದ.

"ಒಳಗೆ ಬಾಪ್ಪ, ಬೂಟು ಬಿಚ್ಚಿ."

"ಬೇಡಮ್ಮ. ಇಲ್ಲೇ ನಿಂತಿರ್ತೀನಿ."

ಗಿರಿಯಮ್ಮನ ಮುಖ ಗಂಟಾಯಿತು. ಮಂಗಳಗೌರಿ ಅವನ ಬೂಟುಗಳನ್ನೇ ನೋಡಿದಳು. ಬೂಟು ಬಿಚ್ಚದ, ಹೊಸ್ತಿಲು ದಾಟದ, ಹಿರಿಯರ ಕಾಲು ಮುಟ್ಟದ ಗಂಡು... ಇದರ ಅರ್ಥವೇನು? ಬೀದಿಯವರು ಇವನ ಕಿವಿಯನ್ನೂ ಊದಿದರಾ? ಸಂಬಂಧ ಬೇಡ ಎನ್ನಲು ಬಂದನಾ?

"ಅಮ್ಮಾ, ಅದು ಯಾಕಂದ್ರೆ..." ಎಂದು ಅವನು ಶುರು ಮಾಡುವಷ್ಟರಲ್ಲಿ ಗಿರಿಯಮ್ಮ ಸಿಡಿದರು.

"ದೊಡ್ಡೋರ ಕಾಲಿಗೆ ಬೀಳಕ್ಕೂ ಸೊಂಟ ಬಗ್ಗದಷ್ಟು ಸೊಕ್ಕೇನಪ್ಪ ನಿಂಗೆ?"

ಅವನು ಮಂಗಳಗೌರಿಯ ಕಡೆ ನೋಡಿದ.

"ಇಷ್ಟ ಇಲ್ದಿದ್ರೆ ನೇರವಾಗಿ ಹೇಳ್ಬಹುದಿತ್ತು ಗಂಗರಾಜು ಅವರೇ. ಅವಮಾನ ಯಾಕೆ ಮಾಡ್ತೀರಾ?"

"ನೀವೂ ಹಿಂಗೇ ಅಂದ್ಕೊಂಡ್ರಾ..." ಅವನ ದನಿ ಬಿದ್ದುಹೋಯಿತು. ಹೂವು, ಹಣ್ಣನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಮಂಗಳಗೌರಿ ಅಲ್ಲೇ ಕುಸಿದು ಕೂತಳು. ಅಳಬಾರದು ಎಂದುಕೊಂಡಳು. ಅತ್ತಳು.

ಗೊಣಗುತ್ತಲೇ ಗಿರಿಯಮ್ಮ ಕವರು ಎತ್ತಿಕೊಂಡರು. ಒಂದು ಮೋಸಂಬಿ ಉರುಳಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು...

ಬಾಗಿಲ ಪಕ್ಕದಿಂದ ಮುದ್ದೆ ಕಿರುಚಿಕೊಂಡು ಓಡಿ ಮಂಚದಡಿ ಸೇರಿತು!

ಮಂಗಳಗೌರಿ ತಲೆ ಎತ್ತಿದಳು.

ಇಷ್ಟು ಹೊತ್ತೂ ಮುದ್ದೆ ಅಲ್ಲೇ ಇತ್ತಾ? ಅಮ್ಮನ ಸೆರಗಿನ ಹಿಂದೆ, ಅವನ ಕಣ್ಣೆದುರಿಗೇ? ಹೊಸ್ತಿಲಲ್ಲಿ ಒಬ್ಬ ಗಂಡಸು ಬಂದು ನಿಂತು, ಮಾತಾಡಿ, ಬೈಸಿಕೊಂಡು ಹೋದರೂ ಅದು ಒಂದು ಸಲವಾದರೂ ಬೊಗಳಿತಾ?

ಇಲ್ಲ!

"ಅಮ್ಮಾ... ಸೊಕ್ಕಲ್ಲಮ್ಮಾ ಅದು! ಬಗ್ಗಿದ್ರೆ ಮುದ್ದೆ ಹೆದರುತ್ತೆ ಅಂತ... ಲೇಸ್ ಬಿಚ್ಚೋಕೂ ಬಗ್ಗಲಿಲ್ಲಮ್ಮಾ ಅವರು!"

ಗಿರಿಯಮ್ಮ ಮೋಸಂಬಿ ಹಿಡಿದು ಹಾಗೇ ನಿಂತರು.

ಮಂಗಳಗೌರಿ ಮುದ್ದೆಯ ಬೆನ್ನು ಸವರಿ, ಹಗ್ಗ ಕಟ್ಟಿ, ಚಪ್ಪಲಿ ಮೆಟ್ಟಿ ಹೊರಬಂದಳು. ಗೇಟಿನ ಹತ್ತಿರ ಮಹಾಲಕ್ಷ್ಮಮ್ಮ ಎದುರಾದರು.

"ಏನು ತೀರ್ಮಾನ ಮಾಡ್ದೆಯಮ್ಮ?"

"ನಾಯಿ ನನ್ ಜೊತೇಲಿರುತ್ತೆ ಆಂಟಿ. ಮನೆ ನಿಮ್ದು, ತಗೊಳಿ."

ಬೀದಿಯಲ್ಲಿ ಬೈಕುಗಳು ಸಾಲಾಗಿ ನಿಂತಿದ್ದವು. ಅವಳನ್ನು ಕಂಡಿದ್ದೇ ತಡ, ಒಬ್ಬ ಹಲ್ಲು ಕಿರಿದು ಬಗ್ಗಿ ನೆಲಕ್ಕೆ ಕೈ ಹಾಕಿದ. ಮುದ್ದೆ ನಡುಗಿತು. ಹಗ್ಗ ಅವಳ ಅಂಗೈಯಲ್ಲಿ ಕೊರೆಯಿತು.

ಈ ಸಲ ಅವಳು ಓಡಲಿಲ್ಲ.

"ಬಗ್ಗಪ್ಪ. ಇನ್ನೂ ಬಗ್ಗು. ಮೂಗು ನೆಲಕ್ಕೆ ತಾಗ್ಲಿ. ನಾನು ಇಲ್ಲೇ ನಿಂತಿರ್ತೀನಿ."

ಅವನು ಗಲಿಬಿಲಿಗೊಂಡ. ಮೇಲೇಳುವುದೋ ಬೇಡವೋ ತಿಳಿಯದೆ ಅರ್ಧಕ್ಕೇ ನಿಂತ. ಅವನ ಗೆಳೆಯರು ಈಗ ಅವನನ್ನೇ ನೋಡಿ ಕಿಸಕ್ಕೆಂದರು.

"ಹೆದರಿರೋ ಒಂದು ಪ್ರಾಣಿನ ಇನ್ನೂ ಹೆದರಿಸೋಕೆ ಇಷ್ಟು ಜನ ಗಂಡಸರು ಬೇಕೇನ್ರೋ?"

ಚೌಡಪ್ಪ ಏನೋ ಹೇಳಲು ಬಾಯಿ ತೆರೆದ.

"ನೀವು ಸುಮ್ನಿರಿ ಸರ್. ಎರಡು ವರ್ಷದಲ್ಲಿ ಇದು ಯಾರಿಗೆ ಕಚ್ಚಿದೆ, ಒಬ್ಬರ ಹೆಸರು ಹೇಳಿ."

ಚೌಡಪ್ಪ ಗೇಟು ಬಿಟ್ಟು ಒಳಗೆ ಸರಿದ. ಮಂಗಳಗೌರಿ ನಡೆದಳು. ಮುದ್ದೆ ನಡುಗುತ್ತಲೇ ಅವಳ ಪಕ್ಕದಲ್ಲಿ ನಡೆಯಿತು.

ಗಂಗರಾಜು ಅಂಗಡಿಯ ಎತ್ತರದ ಮೆಟ್ಟಿಲುಗಳ ಕೆಳಗೆ ನಿಂತು ಕೊಕ್ಕೆ ಕೋಲಿನಿಂದ ಅರ್ಧ ಷಟರ್ ಎಳೆಯುತ್ತಿದ್ದ. ಅವಳನ್ನು ಕಂಡು ಕೈ ಬಿಟ್ಟ.

"ಆಗ್ಲೇ ಯಾಕೆ ಹೇಳ್ಲಿಲ್ಲ?" ಅವಳ ಕಣ್ಣು ತುಂಬಿತ್ತು.

"ಅಮ್ಮ ಹೇಳೋಕೆ ಬಿಟ್ರಾ? ಆಮೇಲೆ... ನೀವೂ ನಂಬ್ಲಿಲ್ಲ. ಅಲ್ಲಿಗೆ ಮಾತು ಹೊರಡ್ಲಿಲ್ಲ."

"ತಪ್ಪಾಯ್ತು." ಮೊದಲ ದಿನ ಬಾರದಿದ್ದ ಮಾತು ಈಗ ಬಂತು. "ನನಗೆ ಮನೆಯಿಲ್ಲ ಗಂಗರಾಜು. ಮುದ್ದೆ ಇದೆ. ಅದನ್ನ ಯಾರಿಗೋಸ್ಕರವೂ ಬಿಡಲ್ಲ. ನಿಮಗೋಸ್ಕರವೂ ಬಿಡಲ್ಲ."

"ಬಿಡಿ ಅಂತ ಯಾರಂದ್ರು? ಮೂರು ಜನಕ್ಕೆ ಸಾಲೋ ಮನೆ ಹುಡುಕೋಣ."

ಅಷ್ಟರಲ್ಲಿ ಏದುಸಿರು ಬಿಡುತ್ತಾ ಗಿರಿಯಮ್ಮ ಬಂದರು. ಇಬ್ಬರನ್ನೂ ನೋಡಿದರು, ನಾಯಿಯನ್ನು ನೋಡಿದರು. ಗೋಡೆ ಹಿಡಿದು ಅಂಗಡಿಯ ಮೆಟ್ಟಿಲು ಹತ್ತತೊಡಗಿದರು. ತುದಿಯ ಮೆಟ್ಟಿಲ ಮೇಲೆ ಪಾದ ಜೋಡಿಸಿ ನಿಂತರು.

"ಈಗ ಮುಟ್ಟಪ್ಪ ಕಾಲ್ನ. ಬಗ್ಗಬ್ಯಾಡ."

ಗಂಗರಾಜು ನಿಂತಲ್ಲಿಂದಲೇ ಕೈ ಚಾಚಿ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಗಿರಿಯಮ್ಮ ಅವನ ತಲೆಯ ಮೇಲೆ ಕೈಯಿಟ್ಟರು. "ಬೈದಿದ್ದು ಮನಸಲ್ಲಿಟ್ಕೋಬ್ಯಾಡ ಕಣಪ್ಪ" ಎಂದು ಮುಖ ಆಚೆ ತಿರುಗಿಸಿಕೊಂಡರು.

ಮುದ್ದೆ ನೋಡುತ್ತಿತ್ತು. ಬೊಗಳಲಿಲ್ಲ. ಮೆಲ್ಲಗೆ ಬಂದು ಅವನ ಬೂಟು ಮೂಸಿ, ಅದರ ಮೇಲೇ ಗುಂಡಗೆ ಮುದುಡಿ ಮಲಗಿತು.

"ಗೌರಿ..." ಅವನು ಮೊದಲ ಸಲ ಮೇಡಂ ಎನ್ನಲಿಲ್ಲ. "ಕಾಲು ಜೋಮು ಹಿಡೀತಿದೆ."

"ಅಲ್ಲಾಡಬೇಡಿ."

"ಎಷ್ಟೊತ್ತು?"

ಅವಳು ಹತ್ತಿರ ಬಂದು, ಬೀದಿಯೆಲ್ಲ ನೋಡುತ್ತಿರುವಾಗಲೇ, ಅವನ ಕೈ ಹಿಡಿದುಕೊಂಡಳು.

"ಎಷ್ಟೊತ್ತು ನಿಲ್ತೀರಾ?"

"ನೀವು ಕೈ ಬಿಡೋವರ್ಗೂ."

"ಹಾಗಾದ್ರೆ ನಿಂತೇ ಇರಿ!"