ಬೆಳ್ಳಿ ಬಣ್ಣದ ಕುಬಸ

ಮೇ ಹನ್ನೆರಡರಂದು ಬೆಳಿಗ್ಗೆ ಹತ್ತೂವರೆಗೆ ಹೊಳೆಮ್ಮ ಎಂಬ ಹೆಂಗಸು ಹೊಸಪೇಟೆಯ ಠಾಣೆಗೆ ಬಂದಳು. ಪ್ಲಾಸ್ಟಿಕ್ ಚೀಲದಿಂದ ಮಿರಮಿರ ಮಿಂಚುವ ಕುಬಸವೊಂದನ್ನು ತೆಗೆದು ಇನ್‌ಸ್ಪೆಕ್ಟರ್ ಸುಧಾರಾಣಿಯ ಮೇಜಿನ ಮೇಲೆ ಒಗೆದಳು.

"ಇದನ್ನ ಮಾರಿದಾವನ್ನ ಹಿಡೀರಿ. ನನ್ನ ಮಗಳ ಕೂಸು ಹೊಟ್ಟ್ಯಾಗೇ ಸತ್ತೋತು."

"ಕುಂದ್ರಿ. ಯಾರು ಮಾರಿದ್ದು?"

"ಟೈ ಕಟ್ಕೊಂಡು ಬಂದಿದ್ದ. ಕಂಪನಿ ಇಂಜಿನಿಯರ್ ಅಂದ. ಮನಿ ಎದುರಿಗೆ ಮೊಬೈಲ್ ಟವರ್ ಐತ್ರಿ. ಅದರ ರೇಡಿಯೇಶನ್ ಕೂಸಿಗೆ ತಗಲ್ತೈತಿ, ಈ ಕುಬಸ ತಡೀತೈತಿ ಅಂದ."

"ನಂಬಿಬಿಟ್ರಿ."

"ತನ್ನ ಫೋನ್ ಇದರಾಗ ಸುತ್ತಿಟ್ಟು, ಈಗ ನನಗ ಫೋನ್ ಹಚ್ರಿ ಅಂದ. ರಿಂಗ್ ಆಗ್ಲಿಲ್ಲ. ಕಣ್ಣಾರೆ ನೋಡಿದ್ಮ್ಯಾಲೆ ಏನ್ಮಾಡ್ಲಿ?"

ಏಳನೇ ತಿಂಗಳಲ್ಲಿ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಹೊಸ ಕುಬಸ ಕೊಡುವುದು ಈ ಕಡೆಯ ಪದ್ಧತಿ; ಆ ಕಾರ್ಯಕ್ಕೂ ಕುಬಸ ಎಂದೇ ಹೆಸರು. ಅದನ್ನು ಬೇಡ ಅನ್ನುವ ಮಗಳು ಇನ್ನೂ ಹುಟ್ಟಿಲ್ಲ. ಆ ಕಳ್ಳನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೆರಿಗೆಯ ತನಕ ಇದನ್ನು ತೆಗೆಯಬಾರದು, ಸ್ಕ್ಯಾನಿಂಗ್ ಯಂತ್ರದ ಹತ್ತಿರವಂತೂ ಸುಳಿಯಲೇಬಾರದು, ಅದೂ ರೇಡಿಯೇಶನ್ನೇ ಎಂದು ಹೇಳಿ ಹೋಗಿದ್ದ. ಹೊಳೆಮ್ಮನ ಮಗಳು ಸುಮಲತಾ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಳು. ರಕ್ತದೊತ್ತಡ ಏರಿದ್ದು ಯಾರಿಗೂ ತಿಳಿಯಲಿಲ್ಲ. ಫಿಟ್ಸ್ ಬಂದು ಬಿದ್ದಾಗ ಕೂಸನ್ನು ಉಳಿಸುವುದು ಕೈ ಮೀರಿತ್ತು.

ಸುಧಾರಾಣಿಗೆ ಮೈಯೆಲ್ಲ ಉರಿಯಿತು. ಅರ್ಧ ತಾಸಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ. ಸುಧಾರಾಣಿ ತನ್ನ ಫೋನನ್ನು ಕುಬಸದಲ್ಲಿ ಮೂರು ಸುತ್ತು ಸುತ್ತಿದಳು. "ಹಚ್ಚು" ಎಂದಳು. ಹೆಡ್ ಕಾನ್‌ಸ್ಟೇಬಲ್ ಓಬಳಪ್ಪ ಹಚ್ಚಿದ. ಫೋನು ಬಟ್ಟೆಯೊಳಗಿಂದಲೇ ಠಾಣೆಗೆಲ್ಲ ಕೇಳುವಂತೆ ಹೊಡೆದುಕೊಂಡಿತು. ಮಾರುವವನು ತನ್ನ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಸುತ್ತಿದ್ದಾನೆ ಎಂಬುದು ಕೂಸಿಗೂ ಅರ್ಥವಾಗುವಂತಿತ್ತು. ಬಟ್ಟೆಯನ್ನು ತಿರುವಿ ನೋಡಿದ ಓಬಳಪ್ಪ ಕಿಟಕಿಯಾಚೆ ಕೈ ತೋರಿಸಿದ. ಅಂಗಳದಲ್ಲಿ ನಿಂತ ಅವನ ಬೈಕಿಗೆ ಹೊದಿಸಿದ್ದ ಕವರು ಅದೇ ಬಟ್ಟೆಯದು.

"ಆದರೂ ಮೇಡಂ, ಟವರಿಂದ ಏನೂ ಆಗಂಗಿಲ್ಲೇನ್ರಿ?"

"ನಿನ್ನ ಫೋನಿನ ಹಿಂದೆ ಹಚ್ಚೀಯಲ್ಲ ಸ್ಟಿಕ್ಕರ್, ಅದೇನದು?"

"ರೇಡಿಯೇಶನ್ ತಡೀತೈತಂತ..." ಎನ್ನುತ್ತ ಓಬಳಪ್ಪ ಅದನ್ನು ಉಗುರಿನಿಂದ ಕೆರೆಯತೊಡಗಿದ.

ಆಸ್ಪತ್ರೆಯ ವೈದ್ಯೆ ಇನ್ನೂ ಖಾರವಾಗಿದ್ದರು. "ಬಸುರಿಯರಿಗೆ ಮಾಡೋ ಸ್ಕ್ಯಾನಿಂಗ್‌ನಾಗ ಇರೋದು ಬರೇ ಶಬ್ದದ ಅಲೆ ರೀ. ಬಿ.ಪಿ. ನೋಡಾಕ ಒಂದ್ಸಲ ಬಂದಿದ್ರೂ ಕೂಸು ಉಳೀತಿತ್ತು." ಮಂಚದ ಮೇಲೆ ಮಲಗಿದ್ದ ಸುಮಲತಾ ಕಣ್ಣು ಬಿಟ್ಟು ಒಂದೇ ಮಾತು ಹೇಳಿದಳು. "ನಮ್ಮವ್ವಗ ಯಾರೂ ಬೈಬ್ಯಾಡ್ರಿ."

ಇಂಥ ಕುಬಸ ಇನ್ನೆಷ್ಟು ಮೈಗಳ ಮೇಲಿದೆಯೋ ಎಂಬುದೇ ಈಗ ಸುಧಾರಾಣಿಯ ಚಿಂತೆ. ಕಳ್ಳನನ್ನು ನಾಳೆಯೂ ಹಿಡಿಯಬಹುದು, ಬಸುರಿಯರು ಕಾಯುವಂತಿರಲಿಲ್ಲ. ಕುಬಸದ ಫೋಟೊ ಆಶಾ ಕಾರ್ಯಕರ್ತೆಯರಿಗೆಲ್ಲ ಹೋಯಿತು. ಮರುದಿನವೇ ಸಂಡೂರಿನಲ್ಲಿ ಒಬ್ಬಳು, ಹಂಪಿಯ ಹತ್ತಿರದ ಹಳ್ಳಿಯಲ್ಲಿ ಇನ್ನೊಬ್ಬಳು ಸಿಕ್ಕರು. ಸಂಡೂರಿನವಳ ಮೈಮೇಲೆ ಬೆವರುಸಾಲೆ ಕೆಂಪಗೆ ಎದ್ದಿತ್ತು. ಆಕೆಯ ಅತ್ತೆ ಬಾಗಿಲಿಗೆ ಅಡ್ಡ ನಿಂತು, ತವರಿನ ಕುಬಸ ಬಿಚ್ಚಿಸಲು ನೀವ್ಯಾರು ಎಂದು ಜಗಳ ತೆಗೆದಳು. ಸುಧಾರಾಣಿಯೂ ದನಿ ಏರಿಸಿದಳು. ಕಡೆಗೆ ಆ ಹುಡುಗಿಯೇ ಒಳಗೆ ಹೋಗಿ ಬಿಚ್ಚಿ ತಂದು ಕೊಟ್ಟು, ಜೀಪಿನಲ್ಲೇ ಆಸ್ಪತ್ರೆಗೆ ಹೊರಟಳು.

ಮೂರೂ ತವರುಮನೆಗಳಿಗೆ ಆ ಮಾರುವವನು ಬಂದದ್ದು ಕುಬಸದ ಕಾರ್ಯಕ್ಕೆ ಎರಡು ದಿನ ಮುಂಚೆ. ಅವನಿಗೆ ದಿನ ತಿಳಿಸಿದವರು ಯಾರು? ನೆಂಟರು ಬೇರೆ ಬೇರೆ, ಪೂಜಾರಿಗಳು ಬೇರೆ ಬೇರೆ. ದಿನ ಗೊತ್ತಾದ ಕೂಡಲೇ ಬಳೆಗಾರ್ತಿಗೆ ಹೇಳಿ ಕಳಿಸುವುದು ವಾಡಿಕೆ. ಮೂರೂ ಮನೆಯವರು ಹೇಳಿ ಕಳಿಸಿದ್ದು ಒಬ್ಬಳಿಗೇ, ಹಂಪಿ ಬಜಾರಿನಲ್ಲಿ ಬಳೆ ಮಾರುವ ಪಕೀರಮ್ಮನಿಗೆ.

ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಮುದುಕಿ ಮುಚ್ಚಿಡಲಿಲ್ಲ. "ಯಾರ ಮನ್ಯಾಗ ಕುಬಸ ಅಂತ ಉಣ್ಣುವಾಗ ಹೇಳ್ತೀನ್ರಿ. ಮಗ ಕೇಳ್ತಾನ."

"ಮಗ ಏನ್ ಮಾಡ್ತಾನ?"

"ಬಟ್ಟಿ ಯಾಪಾರ. ಯಾಕ್ರೀ ಅವ್ವ, ಏನಾತು?"

ಸುಧಾರಾಣಿ ಕಂಪ್ಲಿಯಲ್ಲಿರುವ ಅವರ ಮನೆಯ ವಿಳಾಸವನ್ನಷ್ಟೇ ಕೇಳಿ ಬರೆದುಕೊಂಡಳು. ಅಂಥ ಮುಖ ನೋಡಿಕೊಂಡು ಹೇಳುವಷ್ಟು ಗಟ್ಟಿ ಎದೆ ಆಕೆಗೂ ಇರಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಕಂಪ್ಲಿಯಲ್ಲಿ ಆ ಮನೆಯೆದುರು ಜೀಪು ನಿಂತಾಗ ಪಕೀರಮ್ಮನ ಮಗ ಪಂಪೇಶ್ ಬೈಕು ಹೊರಗೆ ತರುತ್ತಿದ್ದ. ಹಿಂದೆ ಅವನ ಹೆಂಡತಿ ಸುಕನ್ಯಾ, ತುಂಬು ಬಸುರಿ, ಹತ್ತಿಯ ಕುಪ್ಪಸ ತೊಟ್ಟು ನಿಂತಿದ್ದಳು.

"ಎಲ್ಲಿಗೆ ಹೊಂಟೀರಿ?"

"ಸ್ಕ್ಯಾನಿಂಗ್‌ಗ್ರೀ ಮೇಡಂ. ಡಾಕ್ಟ್ರು ಕರೆದಾಗ ಇವ್ರು ಒಂದ್ಸಲಾನೂ ತಪ್ಸಂಗಿಲ್ಲ" ಎಂದಳು ಸುಕನ್ಯಾ, ಹೆಮ್ಮೆಯಿಂದ.

ಸುಧಾರಾಣಿ ಪಂಪೇಶನ ಕಡೆ ತಿರುಗಿದಳು. "ಊರ ಹೆಣ್ಮಕ್ಕಳಿಗೆಲ್ಲ ಹೊಲಿದು ಮಾರಿದಿ. ನಿನ್ನ ಹೆಂಡ್ತಿಗೆ ಯಾಕ ಹಾಕ್ಸಿಲ್ಲ?"

ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸಿದ ಬೈಕ್ ಕವರುಗಳು, ಒಂದು ಟೈ ಸಿಕ್ಕವು. ಎಂಟೂವರೆಗೆ ದಸ್ತಗಿರಿ ಆಯಿತು. ಸುಕನ್ಯಾಳನ್ನು ಮಹಿಳಾ ಪೇದೆಯೊಬ್ಬಳು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

ಠಾಣೆಯಲ್ಲಿ ಅವನು ತಾನಾಗಿ ಹೇಳಿದ. "ಮೊದಲ್ನೇ ಬಸುರಿನಾಗ ನನ್ನ ಹೆಂಡ್ತಿಗೂ ಇಂಥದನ್ನ ಹಾಕ್ಸಿದ್ದೆ. ಎಕ್ಸಿಬಿಶನ್‌ನಾಗ ಕೊಂಡಿದ್ದೆ. ಅಲ್ಲಿ ಮಾರಿದಾವನೂ ಆಸ್ಪತ್ರಿ ಬ್ಯಾಡ ಅಂದಿದ್ದ. ಕೂಸು ಉಳೀಲಿಲ್ಲ."

"ಅವತ್ತ ಬಂದು ಕಂಪ್ಲೇಂಟ್ ಕೊಡ್ಬೇಕಿತ್ತು."

"ನಾಚ್ಕಿ ಆತ್ರಿ. ಓದಿದಾವ ನಾನು. ಆಮ್ಯಾಲೆ ಅನಿಸ್ತು, ನನ್ನಂಥೋನೇ ನಂಬಿದ್ಮ್ಯಾಲೆ ಯಾರ್ ಬೇಕಾದ್ರೂ ನಂಬ್ತಾರ ಅಂತ."

"ಕೂಸು ಸಾಯೋದು ಹೆಂಗಿರತೈತಿ ಅಂತ ಗೊತ್ತಿದ್ದೂ ಮಾರಿದಿ."



ಹನ್ನೊಂದಕ್ಕೆ ಪೇದೆಯ ಫೋನು ಬಂತು. ಸ್ಕ್ಯಾನಿಂಗ್ ಆಗಿದೆ, ಕೂಸು ಆರಾಮಾಗಿದೆ. ಸುಧಾರಾಣಿ ಅದನ್ನು ಪಂಪೇಶನಿಗೆ ಹೇಳಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಕೆಗೆ ಅಯ್ಯೋ ಅನ್ನಿಸಲಿಲ್ಲ. ಸುಮಲತಾಳಿಗೆ ಇಂಥದೊಂದು ಮಾತು ಹೇಳಲು ಯಾರಿಂದಲೂ ಆಗಿರಲಿಲ್ಲ.