ಅತ್ತೆ ಬರೆಸಿದ ಶಿಫಾರಸು

"ಏನಂತೆ? ಬಾಯಿ ಬಿಟ್ಟು ಹೇಳೇ, ಮೆಣಸಿನಕಾಯಿ ಸೀದು ಹೋಗ್ತಿದೆ!" ದೆಸಾಂಕಾ ಗದರಿದಳು.

ಲೆಸ್ಕೊವಾತ್ಸ್ ಪಟ್ಟಣದ ಬಳಿಯ ಆ ಅಂಗಳದಲ್ಲಿ ಚಳಿಗಾಲದ ಐವಾರ್ ಚಟ್ನಿಗೆಂದು ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದ ಹೊತ್ತು. ಸೊಸೆ ಬಿಲ್ಯಾನಾ ಫೋನು ಹಿಡಿದು ನಿಂತಲ್ಲೇ ನಿಂತಿದ್ದಳು. ಕೃಷಿ ಪದವಿ ಮುಗಿದ ಮೇಲೆ ಮದುವೆ, ಮಕ್ಕಳು, ಅತ್ತೆಯ ಮೆಣಸಿನ ತೋಟ... ಹನ್ನೊಂದು ವರ್ಷ ಹೇಗೆ ಕಳೆಯಿತೋ! ಈಗ ಮತ್ತೆ ಓದುವ ಆಸೆ. ಸ್ನಾತಕೋತ್ತರ ಪ್ರವೇಶಕ್ಕೆ ಪಾಠ ಹೇಳಿದವರದೋ ಕೆಲಸ ಕೊಟ್ಟವರದೋ ಎರಡು ಶಿಫಾರಸು ಪತ್ರ ಬೇಕಿತ್ತು. ಮನೆಯಲ್ಲೇ ಉಳಿದವಳನ್ನು ಯಾರು ನೆನಪಿಟ್ಟಿರುತ್ತಾರೆ? ಮುದಿ ಪ್ರಾಧ್ಯಾಪಕ ವುಕಾಶಿನ್ ಒಬ್ಬರೇ ಗುರುತು ಹಿಡಿದಿದ್ದರು.

"ಒಪ್ಪಿದ್ರು ಅತ್ತೆ... ಆದ್ರೆ ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ ಅಂದ್ರು."

"ಅದರಲ್ಲೇನು? ನಮ್ಮಲ್ಲಿ ಮೇಷ್ಟ್ರುಗಳೆಲ್ಲ ಹಾಗೇ ಅಲ್ವಾ!"

ಕಷ್ಟವಿದ್ದದ್ದು ಅಲ್ಲೇ. ಆ ಮನೆಯಲ್ಲಿ ಯಾರೂ ಯಾರನ್ನೂ ಹೊಗಳುವಂತಿರಲಿಲ್ಲ. ಹೊಗಳಿದರೆ ಕಣ್ಣು ತಾಗುತ್ತದೆಂದು ದೆಸಾಂಕಾ ಹಾಲುಗಲ್ಲದ ಮೊಮ್ಮಗುವನ್ನೂ "ಥೂ ಥೂ, ಎಂಥಾ ಕುರೂಪಿ!" ಎಂದೇ ಮುದ್ದಿಸಿದವಳು. ಸೊಸೆಗೆ ಆ ಮುದ್ದೂ ಇಲ್ಲ, ಬೈಗುಳ ಮಾತ್ರ. ಕೇಳಿ ಕೇಳಿ, ತನ್ನಲ್ಲಿ ಹೊಗಳುವಂಥದ್ದು ಏನೂ ಇಲ್ಲವೆಂದೇ ಬಿಲ್ಯಾನಾ ನಂಬಿಬಿಟ್ಟಿದ್ದಳು.

ಮಧ್ಯಾಹ್ನವೆಲ್ಲ ಕೂತು ಅವಳು ಬರೆದದ್ದು ಇಷ್ಟೇ: "ಬಿಲ್ಯಾನಾ ತರಗತಿಗೆ ತಪ್ಪದೆ ಬರುತ್ತಿದ್ದಳು. ಗಲಾಟೆ ಮಾಡುತ್ತಿರಲಿಲ್ಲ."

ದೆಸಾಂಕಾ ಕನ್ನಡಕ ಏರಿಸಿ ಓದಿದಳು. "ಇದೇನೇ ಇದು? ಬೀದಿ ಕಂಬಕ್ಕೆ ಅಂಟಿಸೋ ಸಾವಿನ ಚೀಟೀಲೂ ಇದಕ್ಕಿಂತ ಚೆನ್ನಾಗಿ ಬರೀತಾರೆ!"

"ನನ್ನಲ್ಲಿ ಇರೋದೇ ಅಷ್ಟು ಅತ್ತೆ..." ಬಿಲ್ಯಾನಾ ಕಾಗದವನ್ನು ತನ್ನತ್ತ ಎಳೆದುಕೊಂಡಳು.

ಮುದುಕಿಯ ಮುಖ ಸಣ್ಣದಾಯಿತು. ಮಸಿ ಹಿಡಿದ ಕೈಯನ್ನು ಒರೆಸಿಕೊಂಡು ಎದುರಿಗೆ ಕೂತಳು.

"ಬರಿ, ನಾನು ಹೇಳ್ತೀನಿ. ತೋಟಕ್ಕೆ ಬಾಡು ರೋಗ ಬಂದಾಗ ಊರವರೆಲ್ಲ ಕೈ ಚೆಲ್ಲಿ ಕೂತ್ರು. ಇವಳು ಬೇರು ಸೀಳಿ ನೋಡಿ, ನೀರು ನಿಲ್ಲೋದೇ ಕಾರಣ ಅಂತ ಮಡಿ ಎತ್ತರಿಸಿದ್ಲು. ಥೂ ಥೂ. ತೋಟ ಉಳೀತು. ಥೂ ಥೂ... ನನ್ನ ಗಂಡ ಲಕ್ವ ಹೊಡೆದು ಮಲಗಿದಾಗ ಪಕ್ಕದಲ್ಲಿ ಕೂತು ತನ್ನ ಕಾಲೇಜಿನ ಪುಸ್ತಕ ಓದ್ತಿದ್ಲು. ಅವರಿಗೆ ಹೊತ್ತು ಹೋಗ್ಲಿ ಅಂತ ಅಂದ್ಲು. ಸುಳ್ಳು! ಓದಿನ ಹಸಿವು ಅದು. ನಾನು ನೋಡಿದ್ದೆ... ನೋಡೀನೂ ಸುಮ್ಮನಿದ್ದೆ." ಅವಳು ಕಾಗದದತ್ತ ಇಣುಕಿ ನೋಡಿ ಕಿರುಚಿದಳು. "ಅಯ್ಯೋ, ಥೂ ಥೂನೆಲ್ಲ ಬರೀಬೇಡ್ವೇ!"

ಬಿಲ್ಯಾನಾ ಅಳುತ್ತಲೇ ನಕ್ಕಳು. ಕಾಗದ ಕಣ್ಣಿಗೆ ಮಂಜಾಗಿತ್ತು.

ಮರುದಿನ ವುಕಾಶಿನ್ ಓದಿ ಮೊದಲು ನಕ್ಕರು, ಆಮೇಲೆ ಪೆನ್ನು ಕೆಳಗಿಟ್ಟರು. "ಇದಕ್ಕೆ ನಾನು ಸಹಿ ಹಾಕಿದ್ರೆ ಕಳ್ಳತನ ಆಗುತ್ತಮ್ಮ. ನಾನು ನಿನ್ನ ತೋಟ ಕಂಡವನೇ ಅಲ್ಲ. ನನ್ನ ಪತ್ರ ನಾನೇ ಬರೀತೀನಿ, ಸೋಮಾರಿತನ ಇವತ್ತಿಗೆ ಸಾಕು. ಇದಕ್ಕೆ ತೋಟದ ಒಡತೀನೇ ಸಹಿ ಹಾಕಲಿ. ಎರಡೂ ಆಯ್ತಲ್ಲ!"

ಸಂಜೆ ಪತ್ರ ಅತ್ತೆಯ ಮುಂದೆ ಬಂತು.

"ತರಗತಿ ಶುರುವಾದ್ರೆ ಮಕ್ಕಳಿಗೆ ಅಡುಗೆ..." ಬಿಲ್ಯಾನಾ ತಡವರಿಸಿದಳು.

"ನಿನ್ನ ಗಂಡನಿಗೇನು ಕೈ ಇಲ್ವಾ? ನಾನು ಕಲಿಸ್ತೀನಿ."

ಸಹಿಯ ಜಾಗದ ಕೆಳಗೆ ಶಿಫಾರಸು ಮಾಡುವವರ ಹೆಸರು, ಸಂಬಂಧ ಬರೆಯಬೇಕಿತ್ತು.

"ಒಡತಿ ಅಂತ ಬರಿ. ಅತ್ತೆ ಅಂದ್ರೆ ಈ ದೇಶದಲ್ಲಿ ಯಾರು ನಂಬ್ತಾರೆ?"

ಬಿಲ್ಯಾನಾ ದುಂಡಗೆ 'ಅತ್ತೆ' ಎಂದೇ ಬರೆದಳು. ದೆಸಾಂಕಾ ಆ ಪದವನ್ನು ತುಸು ಹೊತ್ತು ನೋಡಿದಳು. ಮೂಗು ಒರೆಸಿಕೊಂಡು ಸಹಿ ಹಾಕಿದಳು.

"ಇರಲಿ ಬಿಡು. ನಂಬದಿದ್ರೆ ನನಗೇ ಫೋನ್ ಮಾಡ್ಲಿ. ಹೇಳ್ತೀನಿ, ಬಾಯ್ತುಂಬಾ!"